ತುಕ್ಕು ಹಿಡಿದ ಬೋಲ್ಟಿಗೆ ತಾಳ್ಮೆಯೇ ಪಾನ

ರೋಹಿಣಿ ಮಳೆ ಬಿದ್ದು ಮಸಾರಿ ಹೊಲ ಹದಕ್ಕೆ ಬಂದಿತ್ತು. ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಇಂಥ ಹದ ಮೂರು-ನಾಲ್ಕು ದಿನ ನಿಂತರೆ ಪುಣ್ಯ. ಬಿತ್ತಲು ಹೊರಟರೆ ಹಳೆ ಟ್ರಾಕ್ಟರಿನ ಸೈಲೆನ್ಸರ್ ಬುಡದಲ್ಲಿ ಹೊಗೆ ಸೋರುತ್ತಿದೆ. ಗ್ಯಾಸ್ಕೆಟ್ ಬದಲಿಸಿದರಾಯ್ತು ಎಂದು ಪಾನ ಹಾಕಿದೆ. ಬೋಲ್ಟು ಅಲುಗಲಿಲ್ಲ. ಪಾನಕ್ಕೆ ಎರಡಡಿ ಪೈಪು ತೊಡಿಸಿ ಜಗ್ಗಿದೆ. 'ಟಕ್' ಅಂತು. ಬಿಚ್ಚಿತು ಅಂದುಕೊಂಡೆ, ನೋಡಿದರೆ ತಲೆ ಮುರಿದು ಕೈಗೆ ಬಂದಿತ್ತು!

ಗ್ಯಾರೇಜಿನ ಹಿರಿಯ ಮೇಸ್ತ್ರಿ ನೋಡಿ ನಕ್ಕರು. "ಜಗ್ಗೋಕಿಂತ ಮೊದ್ಲು ನೆನಸಬೇಕಿತ್ತಪ್ಪಾ. ತುಕ್ಕು ಬಲಕ್ಕೆ ಬಗ್ಗಂಗಿಲ್ಲ" ಅಂದರು. ಅವರಿಂದ ಕಲಿತದ್ದನ್ನೂ ಆಮೇಲೆ ನಾನು ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಬೋಲ್ಟು ಹಿಡಿಯುವುದೇಕೆ? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವಿಲ್ಲ, ಹಾಗಾಗಿ ಬೆಣೆ ಹೊಡೆದಂತೆ ಬಿಗಿಯುತ್ತದೆ. ಗೊಬ್ಬರದ ಕೂರಿಗೆಯಲ್ಲಿ ಇದು ಇನ್ನೂ ಬೇಗ. ರಸಗೊಬ್ಬರದ ಉಪ್ಪು ತೇವ ಎಳೆದು ಕಬ್ಬಿಣ ತಿನ್ನುತ್ತದೆ.

ಮೊದಲು ಅಳತೆ. ಹಳೆಯ ಟ್ರಾಕ್ಟರುಗಳಲ್ಲಿ ಇಂಚಿನ ಬೋಲ್ಟುಗಳಿರುತ್ತವೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಪಾನ ಹಾಕಿದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಆರು ಮೂಲೆಯ ರಿಂಗ್ ಪಾನ ಅಥವಾ ಸಾಕೆಟ್ ಉತ್ತಮ. ಕೆಲವು ಹಳೆಯ ಲಾರಿಗಳ ಎಡಗಾಲಿಯ ನಟ್ಟು ಎಡಸುತ್ತಿನವು. ತಿರುಗಿಸುವ ದಿಕ್ಕು ಖಚಿತ ಮಾಡಿಕೊಳ್ಳಿ.

ನೆನಸುವುದು. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ. ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿದರೂ ನಡೆದೀತು. ಸಂಜೆ ಹಾಕಿ, ಬೆಳಿಗ್ಗೆ ಮತ್ತೊಮ್ಮೆ ಹಾಕಿ. ನಡುನಡುವೆ ತಲೆಯ ಮೇಲೆ ಸುತ್ತಿಗೆಯಿಂದ ನೆಟ್ಟಗೆ ತಟ್ಟಿದರೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ.

ಹಿಂದೆ-ಮುಂದೆ. ಮೊದಲು ತುಸು ಬಿಗಿ ಮಾಡುವ ಕಡೆಗೇ ಅಲುಗಿಸಿ, ಆಮೇಲೆ ಬಿಚ್ಚಿ. ಕಾಲು ಸುತ್ತು ಬಂದರೆ ಅರ್ಧ ವಾಪಸ್. ಕೈಗೆ ರಬ್ಬರಿನಂತೆ ಹಿಗ್ಗಿದ ಅನುಭವವಾದರೆ ನಿಲ್ಲಿಸಿ. ಅದು ಮುರಿಯುವ ಮುನ್ಸೂಚನೆ.

ಕಾಯಿಸುವುದು. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ನಟ್ಟನ್ನು. 12 ಮಿ.ಮೀ. ತೂತು 300 ಡಿಗ್ರಿ ಏರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಕೂದಲಿಗಿಂತ ಕಡಿಮೆ, ಆದರೂ ತುಕ್ಕಿನ ಹಿಡಿತ ಬಿಡಿಸಲು ಸಾಕು. ಬಿಸಿ ಇದ್ದಾಗ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಸಂದಿಗೆ ಇಳಿಯುತ್ತದೆ. ಎಣ್ಣೆ-ಡೀಸೆಲ್ ಪೂರ್ತಿ ಒರೆಸಿದ ಮೇಲೆಯೇ ಬೆಂಕಿ ಹಚ್ಚಿ. ಟ್ಯಾಂಕು, ಟೈರು, ರಬ್ಬರ್ ಸೀಲು ಹತ್ತಿರವಿದ್ದರೆ ಈ ಕೆಲಸ ಬೇಡ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ.

ಮುರಿದೇ ಹೋದರೆ? ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೊಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೇ ವೆಲ್ಡಿಂಗ್ ಮಾಡಿಸಿ. ಪಾನಕ್ಕೆ ಹಿಡಿ ಸಿಗುತ್ತದೆ, ವೆಲ್ಡಿಂಗಿನ ಕಾವಿಗೆ ತುಕ್ಕೂ ಸಡಿಲುತ್ತದೆ. ಸತುವಿನ ಲೇಪದ ನಟ್ಟು ಬಳಸಬೇಡಿ, ಅದರ ಹೊಗೆ ಕೆಟ್ಟದ್ದು. ಮೊದಲೇ ಬ್ಯಾಟರಿ ವೈರು ಕಳಚಿಡಿ.

ತುಂಡು ಒಳಗೇ ಉಳಿದಿದ್ದರೆ ಡ್ರಿಲ್ಲೇ ಗತಿ. ಸರಿಯಾಗಿ ನಡುವೆ ಪಂಚ್ ಹೊಡೆದು ಸಣ್ಣ ಬಿಟ್ಟಿನಿಂದ ಶುರುಮಾಡಿ. 1.5 ಪಿಚ್ಚಿನ 10 ಮಿ.ಮೀ. ಬೋಲ್ಟಿಗೆ ಕೊನೆಯ ಬಿಟ್ಟು 8.5 ಮಿ.ಮೀ. ಉಳಿದ ಥ್ರೆಡ್ ಚೂರು ತೆಗೆದು ಟ್ಯಾಪ್ ಹಾಕಬಹುದು. ಬಿಟ್ಟು ಓರೆಯಾದರೆ ಹೆಡ್ಡೇ ಕೆಟ್ಟಿತು. ಕೈ ನಡುಗುವವರು ಲೇತಿನವರಿಗೆ ಕೊಡುವುದು ಲೇಸು. ಎಡಸುತ್ತಿನ ಎಕ್ಸ್‌ಟ್ರಾಕ್ಟರಿಗೂ ಹೆಚ್ಚು ಬಲ ಬೇಡ. ಅದು ಒಳಗೆ ಮುರಿದರೆ ಸಾಮಾನ್ಯ ಬಿಟ್ಟು ಅದನ್ನು ಕೊರೆಯಲಾರದು.

ನನ್ನ ಬೋಲ್ಟು ನಟ್ಟು ವೆಲ್ಡಿಂಗಿಗೆ ಬಂತು, ಎರಡನೇ ಸಲಕ್ಕೆ. ಅಷ್ಟರಲ್ಲಿ ಮೂರು ದಿನ ಕಳೆದು ಹದ ಆರಿತ್ತು. ಬಿತ್ತನೆಗೆ ಮುಂದಿನ ಮಳೆ ಕಾಯಬೇಕಾಯಿತು.

ಈಗ ಹೊಸ ಬೋಲ್ಟು ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರುತ್ತೇನೆ. ಸೈಲೆನ್ಸರ್ ಬುಡಕ್ಕೆ ಮಾತ್ರ ತಾಮ್ರದ ಪುಡಿ ಬೆರೆತ ಪೇಸ್ಟು, ಸಾದಾ ಗ್ರೀಸು ಅಲ್ಲಿ ಉರಿದುಹೋಗುತ್ತದೆ. ಬಿತ್ತನೆ ಮುಗಿದ ದಿನವೇ ಕೂರಿಗೆ ತೊಳೆದು, ಒಣಗಿಸಿ, ಎಣ್ಣೆ ಒರೆಸಿಡುತ್ತೇನೆ. ಬಿಚ್ಚಿ ನೋಡುವ ಕೆಲಸವೇನಿದ್ದರೂ ಬೇಸಿಗೆಯಲ್ಲಿ. ಮಳೆ ಬಿದ್ದ ಮೇಲೆ ಪಾನ ಹುಡುಕಬಾರದು.