ಚರಿತ್ರೆಯ ಪಾಠವನ್ನು ಹಗುರವಾಗಿ ಕಾಣಬೇಡಿ

ಅಮೆರಿಕದ ಪಬ್ಲಿಕ್ ಸ್ಕೂಲುಗಳಲ್ಲಿ ಓದುತ್ತಿರುವ ನಮ್ಮ ಕನ್ನಡದ ಮಕ್ಕಳಿಗೂ, ಎಂ.ಎಸ್. ಮಾಡಲೆಂದು ಇಲ್ಲಿಂದ ಅಲ್ಲಿಗೆ ಹೊರಟು ನಿಂತಿರುವ ತರುಣ ತರುಣಿಯರಿಗೂ ಒಂದು ಮಾತು ಹೇಳಬೇಕಿದೆ. ನೀವು ಗಣಿತದಲ್ಲಿ ಗಟ್ಟಿಗರು. ಕೋಡಿಂಗ್ ನಿಮಗೆ ಲೀಲಾಜಾಲ. ಆದರೆ ಚರಿತ್ರೆ ಎಂದೊಡನೆ ನಿಮ್ಮ ಮುಖ ಬಾಡುತ್ತದೆ. ಅದನ್ನು ಓದಿ ಏನಾಗಬೇಕು, ಕೆಲಸ ಸಿಗುತ್ತದೆಯೇ ಎಂದು ನೀವು ಕೇಳುತ್ತೀರಿ, ನಿಮ್ಮ ತಂದೆತಾಯಿಯೂ ಕೇಳುತ್ತಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಹೆನ್ರಿ ಫೋರ್ಡ್ ನೆನಪಾಗುತ್ತಾನೆ, ಭಯವಾಗುತ್ತದೆ.

ಫೋರ್ಡ್ ಮಿಷಿಗನ್ನಿನ ರೈತನ ಮಗ. ಹಳ್ಳಿಯ ಶಾಲೆಯಲ್ಲಿ ಒಂದಿಷ್ಟು ಓದಿ ಯಂತ್ರಗಳ ಬೆನ್ನು ಹತ್ತಿದವನು. 1908ರಲ್ಲಿ ಮಾಡೆಲ್ ಟಿ ಕಾರನ್ನು ರಸ್ತೆಗಿಳಿಸಿದ. 1914ರಲ್ಲಿ ತನ್ನ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೂಲಿ ಕೊಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ. ಎಂಜಿನಿಯರಿಂಗ್ ಓದುವ ಯಾರಾದರೂ ತಲೆಬಾಗಬೇಕಾದ ಬುದ್ಧಿ ಅದು. ಅಂಥವನು 1916ರಲ್ಲಿ ಚಿಕಾಗೊ ಟ್ರಿಬ್ಯೂನ್ ಪತ್ರಿಕೆಗೆ ಸಂದರ್ಶನ ಕೊಡುತ್ತ, ಚರಿತ್ರೆಯೆಂಬುದರಲ್ಲಿ ಹೆಚ್ಚುಕಡಿಮೆ ಹುರುಳೇ ಇಲ್ಲ ಎಂದುಬಿಟ್ಟ. ಅದೇ ಪತ್ರಿಕೆ ತನ್ನನ್ನು ಅರಾಜಕತಾವಾದಿ ಎಂದು ಬರೆದದ್ದಕ್ಕೆ ಅವನು ಹೂಡಿದ ಮಾನನಷ್ಟ ಮೊಕದ್ದಮೆ 1919ರಲ್ಲಿ ವಿಚಾರಣೆಗೆ ಬಂತು. ಪತ್ರಿಕೆಯ ವಕೀಲರು ಅವನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಶಾಲೆಯ ಹುಡುಗರಿಗೆ ಕೇಳುವಂಥ ಪ್ರಶ್ನೆಗಳನ್ನೇ ಕೇಳಿದರು. ಅಮೆರಿಕದ ಕ್ರಾಂತಿ ನಡೆದದ್ದು ಯಾವಾಗ? 1812ರಲ್ಲಿ ಎಂದ. ಆ ಹೊತ್ತಿಗೆ ಕ್ರಾಂತಿಯಾಗಿ, ದೇಶ ಹುಟ್ಟಿ ಮೂರು ದಶಕ ಕಳೆದಿತ್ತು. ಬೆನೆಡಿಕ್ಟ್ ಆರ್ನಾಲ್ಡ್ ಯಾರು? ಅಮೆರಿಕದಲ್ಲಿ ದೇಶದ್ರೋಹಕ್ಕೆ ಇನ್ನೊಂದು ಹೆಸರೇ ಅವನದು. ಫೋರ್ಡ್ ಅವನನ್ನು ಬರಹಗಾರನಿರಬೇಕು ಎಂದ. ಮೊಕದ್ದಮೆ ಗೆದ್ದರೂ ಕೈಗೆ ಬಂದ ಪರಿಹಾರ 6 ಸೆಂಟ್.

ಪತ್ರಿಕೆಗಳು ನಕ್ಕವು. ಆದರೆ ಅದು ನಗುವ ಸಂಗತಿಯಾಗಿರಲಿಲ್ಲ. ಮರುವರ್ಷವೇ, 1920ರ ಮೇ ತಿಂಗಳಲ್ಲಿ, ಅವನ ಒಡೆತನದ 'ಡಿಯರ್‌ಬಾರ್ನ್ ಇಂಡಿಪೆಂಡೆಂಟ್' ವಾರಪತ್ರಿಕೆ ಯಹೂದಿಯರ ಮೇಲೆ ಲೇಖನಮಾಲೆ ಆರಂಭಿಸಿತು. ಜಗತ್ತನ್ನು ವಶಪಡಿಸಿಕೊಳ್ಳಲು ಯಹೂದಿಯರು ಗುಟ್ಟಾಗಿ ಸಂಚು ನಡೆಸಿದ್ದಾರೆ ಎಂಬ ಆ ಮಾಲೆಗೆ ಬೆನ್ನೆಲುಬಾಗಿದ್ದುದು 'ಪ್ರೋಟೊಕಾಲ್ಸ್ ಆಫ್ ದಿ ಎಲ್ಡರ್ಸ್ ಆಫ್ ಝಯಾನ್' ಎಂಬ ರಷ್ಯದಿಂದ ಬಂದ ಹೊತ್ತಗೆ. 1921ರ ಆಗಸ್ಟ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಮೊರಿಸ್ ಜೋಲಿ ಎಂಬ ಫ್ರೆಂಚ್ ವಕೀಲ ಮೂರನೆಯ ನೆಪೋಲಿಯನ್ನನನ್ನು ಅಣಕಿಸಿ 1864ರಲ್ಲಿ ಬರೆದ ಪುಸ್ತಕದಿಂದ ಪ್ಯಾರಾಗಟ್ಟಲೆ ಕದ್ದು ಈ 'ಗುಪ್ತ ದಾಖಲೆ'ಯನ್ನು ಕಟ್ಟಲಾಗಿತ್ತು. ಮೂಲ ಪುಸ್ತಕದಲ್ಲಿ ಯಹೂದಿಯರ ಸಂಚಿನ ಸುದ್ದಿಯೇ ಇಲ್ಲ. ಅಷ್ಟು ಬಯಲಾದ ಮೇಲೂ ಫೋರ್ಡನ ಪತ್ರಿಕೆ ತನ್ನ ದಾರಿ ಬಿಡಲಿಲ್ಲ. ಕಾರು ಮಾರುವ ಅಂಗಡಿಗಳ ಮೂಲಕವೂ ಅದು ಮನೆಮನೆ ತಲುಪಿತು. ಅವನು ಕ್ಷಮೆ ಕೇಳಿದ್ದು 1927ರಲ್ಲಿ, ಕೋರ್ಟಿನ ಬಿಸಿ ತಟ್ಟಿದ ಮೇಲೆ. ಅಷ್ಟರಲ್ಲಿ ಆ ಲೇಖನಗಳು ಜರ್ಮನ್ ಭಾಷೆಗೆ ಹೋಗಿದ್ದವು. ಹಿಟ್ಲರ್ ಅವನನ್ನು ಮೆಚ್ಚಿ ಬರೆದದ್ದೂ ಆಗಿತ್ತು.

ಯಂತ್ರದ ಒಂದು ತಿರುಪು ಸಡಿಲವಾದರೆ ಕಿವಿಯಿಂದಲೇ ಹಿಡಿಯಬಲ್ಲವನಿಗೆ ಒಂದು ನಕಲಿ ಪುಸ್ತಕ ನಕಲಿಯೆಂದು ತಿಳಿಯಲಿಲ್ಲ. ಇದು ಯಾರು ಬರೆದದ್ದು, ಯಾವಾಗ, ಯಾಕೆ, ಮೂಲ ಎಲ್ಲಿದೆ ಎಂದು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಆ ಅಭ್ಯಾಸ ಬರುವುದು ಚರಿತ್ರೆಯ ಓದಿನಿಂದ.

ಇದು ನೂರು ವರ್ಷದ ಹಿಂದಿನ ಮಾತು ಎಂದು ಸುಮ್ಮನಾಗಬೇಡಿ. 2020ರಲ್ಲಿ ಅಮೆರಿಕದ 18ರಿಂದ 39 ವಯಸ್ಸಿನವರನ್ನು ಕೇಳಿದಾಗ, ನಾಜಿಗಳು 60 ಲಕ್ಷ ಯಹೂದಿಯರನ್ನು ಕೊಂದರೆಂಬುದು ನೂರಕ್ಕೆ 63 ಮಂದಿಗೆ ಗೊತ್ತಿರಲಿಲ್ಲ. ಫೋರ್ಡ್ ಹಂಚಿದ ಸುಳ್ಳು ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿಯದವರ ಮುಂದೆ ಅದೇ ಸುಳ್ಳು ಹೊಸ ಅಂಗಿ ತೊಟ್ಟು ಬಂದರೆ ಗುರುತು ಹತ್ತೀತೇ? ಬಂದೇ ಇದೆ. 2017ರಲ್ಲಿ ಹುಟ್ಟಿದ ಕ್ಯೂಅನಾನ್ ಎಂಬ ಸಂಚಿನ ಕಥೆ, ದೊಡ್ಡವರ ಗುಂಪೊಂದು ಮಕ್ಕಳನ್ನು ಕದ್ದು ಹಿಂಸಿಸುತ್ತಿದೆ ಎನ್ನುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಇದೇ ಅಪವಾದ ಹೊರಿಸಿ ಯಹೂದಿಯರ ಕೇರಿಗಳಿಗೆ ಬೆಂಕಿ ಇಡುತ್ತಿದ್ದರು.

ಹಾಗಾದರೆ ಸರ್ಕಾರಗಳು ಸಂಚು ಮಾಡುವುದೇ ಇಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ, ಕೇಳುತ್ತಲೇ ಇರಿ. ಮಾಡಿವೆ. ಅಲಬಾಮಾದ ಟಸ್ಕೀಗೀ ಊರಿನ ಸುತ್ತ 1932ರಿಂದ 1972ರವರೆಗೆ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯೇ ಸುಮಾರು 600 ಬಡ ಕಪ್ಪು ಗಂಡಸರನ್ನು ಗಮನಿಸುತ್ತ ಕೂತಿತ್ತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿ, ಊಟ ಕೊಟ್ಟು, ಶವಸಂಸ್ಕಾರದ ಖರ್ಚು ಕೊಡುತ್ತೇವೆಂದು ನಂಬಿಸಿ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ದೇಹವನ್ನು ಹೇಗೆ ತಿನ್ನುತ್ತದೆಂದು ನೋಡಿದರು. ಈ ಘೋರ ಕೃತ್ಯ ಹೊರಬಿದ್ದದ್ದು ಹೇಗೆ? ಅದೇ ಇಲಾಖೆಯ ನೌಕರ ಪೀಟರ್ ಬಕ್ಸ್‌ಟನ್ 1966ರಿಂದಲೇ ಮೇಲಧಿಕಾರಿಗಳಿಗೆ ಆಕ್ಷೇಪ ಬರೆದರು. ಯಾರೂ ಕಿವಿಗೊಡದಿದ್ದಾಗ ದಾಖಲೆಗಳು ಪತ್ರಕರ್ತರ ಕೈಸೇರಿದವು. 1972ರ ಜುಲೈನಲ್ಲಿ ಜೀನ್ ಹೆಲರ್ ಅವರ ವರದಿ ಅಚ್ಚಾಯಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು.

ಈ ನಿಜವನ್ನೂ ಸರಿಯಾಗಿ ತಿಳಿಯದಿದ್ದರೆ ಅದು ಇನ್ನೊಂದು ಸುಳ್ಳಿಗೆ ತಾಯಿಯಾಗುತ್ತದೆ. ಸರ್ಕಾರವೇ ಟಸ್ಕೀಗೀಯ ಆ ಗಂಡಸರಿಗೆ ರೋಗದ ಚುಚ್ಚುಮದ್ದು ಹಾಕಿತು ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಹಾಗಾಗಿರಲಿಲ್ಲ. ಇದ್ದ ರೋಗಕ್ಕೆ ಮದ್ದು ಕೊಡದೆ ಸಾಯಲು ಬಿಟ್ಟದ್ದು ಸರ್ಕಾರದ ಅಪರಾಧ. ಚುಚ್ಚುಮದ್ದಿನ ಕಥೆ ನಂಬಿದವನು ಲಸಿಕೆಗೆ ಹೆದರುತ್ತಾನೆ, ನಡೆದದ್ದನ್ನು ತಿಳಿದವನು ಎಲ್ಲರಿಗೂ ಚಿಕಿತ್ಸೆ ಸಿಗಲಿ ಎಂದು ಕೇಳುತ್ತಾನೆ.

1973ರ ಬೇಸಿಗೆಯಲ್ಲಿ ನಾನು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದೆ. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ನರ ಪಾತ್ರ ಕುರಿತ ಸೆನೆಟ್ ಸಮಿತಿಯ ವಿಚಾರಣೆ ಟಿವಿಯಲ್ಲಿ ಬರುತ್ತಿತ್ತು. ಹಾಸ್ಟೆಲಿನ ಹಜಾರದಲ್ಲಿ ಹುಡುಗರು ನೆಲದ ಮೇಲೆ ಕೂತು ಗಂಟೆಗಟ್ಟಲೆ ನೋಡುತ್ತಿದ್ದರು. ಅಧ್ಯಕ್ಷರ ಕಚೇರಿಯ ಮಾತುಕತೆಯೆಲ್ಲ ಟೇಪಿನಲ್ಲಿದೆ ಎಂದು ಒಬ್ಬ ಸಾಕ್ಷಿ ಬಾಯಿಬಿಟ್ಟ. ಮರುವರ್ಷ ಸುಪ್ರೀಂ ಕೋರ್ಟು ಆ ಟೇಪುಗಳನ್ನು ಒಪ್ಪಿಸಲು ಹೇಳಿತು, ಆಗಸ್ಟ್‌ನಲ್ಲಿ ನಿಕ್ಸನ್ ಕೆಳಗಿಳಿದರು. ನಿಜವಾದ ಸಂಚುಗಳು ಬಯಲಾಗುವ ಬಗೆ ಇದು. ಕಾಗದ, ಟೇಪು, ಹೆಸರು ಹೇಳಿ ಪ್ರಮಾಣ ಮಾಡುವ ಸಾಕ್ಷಿ, ಅಡ್ಡಪ್ರಶ್ನೆ, ತೀರ್ಪು. ಇವುಗಳಲ್ಲಿ ಒಂದೂ ಇಲ್ಲದೆ, ಹೆಸರಿಲ್ಲದವನೊಬ್ಬ ಮೊಬೈಲಿನಲ್ಲಿ ಹೇಳಿದ್ದನ್ನು ನೀವು ನಂಬಬೇಕಿಲ್ಲ.

ಸುಳ್ಳನ್ನು ಗುರುತಿಸಲಾಗದ ಈ ಸ್ಥಿತಿಯಲ್ಲಿ ಶಾಲೆಗಳ ಪಾಲೇನು ಎಂದು ಈಗ ಹೇಳುತ್ತೇನೆ. 1837ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮನ್, ಬಡವ ಬಲ್ಲಿದರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕಲಿತರಷ್ಟೇ ಪ್ರಜಾಪ್ರಭುತ್ವ ಉಳಿಯುತ್ತದೆಂದು ನಂಬಿ ದುಡಿದರು. ಆ ಕನಸಿಗೆ ನನ್ನ ಗೌರವವಿದೆ. ಲಕ್ಷಾಂತರ ವಲಸಿಗರ ಮಕ್ಕಳನ್ನು ಎತ್ತಿ ನಿಲ್ಲಿಸಿದ ಶಾಲೆಗಳು ಅವು. ಆದರೆ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಲು 1954 ಬರಬೇಕಾಯಿತು. ಏನು ಕಲಿಸಬೇಕೆಂಬುದನ್ನು ಅಲ್ಲಿ ರಾಜ್ಯಗಳೂ ಸುಮಾರು 13,000 ಸ್ಥಳೀಯ ಶಾಲಾ ಮಂಡಳಿಗಳೂ ತೀರ್ಮಾನಿಸುತ್ತವೆ. ಯಾರ ಕೈ ಮೇಲಾಗುತ್ತದೋ ಅವರ ಚರಿತ್ರೆ ಪಾಠವಾಗುತ್ತದೆ.

ದಕ್ಷಿಣದ ರಾಜ್ಯಗಳಲ್ಲಿ ಹಾಗೇ ಆಯಿತು. ಅಂತರ್ಯುದ್ಧದಲ್ಲಿ ಸೋತವರ ಹೆಣ್ಣುಮಕ್ಕಳ ಸಂಘಟನೆಯೊಂದು ಪಠ್ಯಪುಸ್ತಕಗಳ ಮೇಲೆ ಕಣ್ಣಿಟ್ಟು, ಗುಲಾಮಗಿರಿಗಾಗಿ ಯುದ್ಧವಾಯಿತೆಂದು ಬರೆದ ಪುಸ್ತಕಗಳನ್ನು ತಿರಸ್ಕರಿಸುವಂತೆ ಒತ್ತಡ ತಂದಿತು. ಮಿಸಿಸಿಪ್ಪಿ ರಾಜ್ಯ 1861ರಲ್ಲಿ ಒಕ್ಕೂಟ ಬಿಡುವಾಗ ಹೊರಡಿಸಿದ ಘೋಷಣೆ ತನ್ನ ನಿಲುವಿಗೆ ಗುಲಾಮಗಿರಿಯೇ ಆಧಾರವೆಂದು ಬಾಯಿಬಿಟ್ಟು ಹೇಳುತ್ತದೆ. ತಲೆಮಾರುಗಳ ಮಕ್ಕಳ ಕೈಗೆ ಆ ಕಾಗದ ಸಿಗಲಿಲ್ಲ. 1974ರಲ್ಲಿ ಜೇಮ್ಸ್ ಲೋವೆನ್ ಮತ್ತು ಚಾರ್ಲ್ಸ್ ಸಾಲಿಸ್ ಎಂಬ ಅಧ್ಯಾಪಕರು ಆ ರಾಜ್ಯದ ಚರಿತ್ರೆಯನ್ನು ಇದ್ದಂತೆ ಹೇಳುವ ಪಠ್ಯಪುಸ್ತಕ ತಂದರು. ಅವರ ವಿದ್ಯಾರ್ಥಿಗಳೂ ಅದಕ್ಕೆ ದುಡಿದಿದ್ದರು, ನಿಮ್ಮ ವಯಸ್ಸಿನವರು. ರಾಜ್ಯ ಅದನ್ನು ಒಪ್ಪಲಿಲ್ಲ. ಅವರು ಕೋರ್ಟಿಗೆ ಹೋದರು, 1980ರಲ್ಲಿ ಗೆದ್ದರು. ಒಕ್ಲಹೋಮಾದ ಟಲ್ಸಾ ನಗರದಲ್ಲಿ 1921ರಲ್ಲಿ ಬಿಳಿಯರ ಗುಂಪು ಕಪ್ಪು ಜನರ ಗ್ರೀನ್‌ವುಡ್ ಬಡಾವಣೆಯನ್ನು ಸುಟ್ಟದ್ದು ಕೂಡ ದಶಕಗಳ ಕಾಲ ಅದೇ ಊರಿನ ಮಕ್ಕಳ ಪಾಠದಲ್ಲಿರಲಿಲ್ಲ.

ಶಾಲೆ ಮುಚ್ಚಿಟ್ಟದ್ದು ಮುಂದೊಂದು ದಿನ ಹೊರಬಂದಾಗ ಮಗು ಏನೆಂದುಕೊಳ್ಳುತ್ತದೆ? ಇದನ್ನು ಮುಚ್ಚಿಟ್ಟವರು ಇನ್ನೇನೆಲ್ಲ ಮುಚ್ಚಿಟ್ಟಿದ್ದಾರೋ ಎಂದುಕೊಳ್ಳುತ್ತದೆ. ಸಂಚಿನ ಕಥೆ ಹೇಳುವವನು ಕಾಯುತ್ತಿರುವುದು ಆ ಗಳಿಗೆಗೇ.

ಇತ್ತೀಚಿನ ಕಾಲದ ತೊಂದರೆ ಬೇರೆ ಬಗೆಯದು. 2002ರಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಓದು ಮತ್ತು ಗಣಿತಕ್ಕೆ ಪ್ರತಿವರ್ಷ ಪರೀಕ್ಷೆ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದಿತ್ತು. ಆದರೆ ಚರಿತ್ರೆಗೆ ಆ ಪರೀಕ್ಷೆ ಇರಲಿಲ್ಲ, ಪರೀಕ್ಷೆ ಇಲ್ಲದ ವಿಷಯದ ಪೀರಿಯಡ್ಡು ಪ್ರಾಥಮಿಕ ಶಾಲೆಗಳಲ್ಲಿ ಕುಗ್ಗುತ್ತ ಹೋಯಿತು. 2022ರ ರಾಷ್ಟ್ರೀಯ ಮಾಪನದಲ್ಲಿ ಎಂಟನೇ ತರಗತಿಯ ಮಕ್ಕಳ ಪೈಕಿ ತಮ್ಮದೇ ದೇಶದ ಚರಿತ್ರೆಯಲ್ಲಿ ಪ್ರಾವೀಣ್ಯದ ಮಟ್ಟ ಮುಟ್ಟಿದವರು ನೂರಕ್ಕೆ 13. ತೀರಾ ಬುಡದ ಮಟ್ಟವನ್ನೂ ಮುಟ್ಟದವರು ನೂರಕ್ಕೆ 40. ಇದಕ್ಕೆ ಮೇಷ್ಟರನ್ನು ಬಯ್ಯಬೇಡಿ. ಸಮಯ ಕಿತ್ತುಕೊಂಡು ಪಾಠ ಮಾಡಿ ಎಂದರೆ ಅವರು ಏನು ಮಾಡಿಯಾರು?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಮೂಲ ಹುಡುಕುವ ಅಭ್ಯಾಸ ಮಕ್ಕಳಿಗೆ ಎಷ್ಟಿದೆ ಎಂದು ನೋಡಲು, 3,446 ಹೈಸ್ಕೂಲು ವಿದ್ಯಾರ್ಥಿಗಳಿಗೆ ಒಂದು ವಿಡಿಯೊ ತೋರಿಸಿದ್ದರು. ಮತಪೆಟ್ಟಿಗೆಗೆ ಕಳ್ಳ ಮತ ತುಂಬುವ ದೃಶ್ಯ. ಇದು ಅಮೆರಿಕದ ಚುನಾವಣೆಯಲ್ಲಿ ಮೋಸವಾಯಿತೆಂಬುದಕ್ಕೆ ಗಟ್ಟಿ ಸಾಕ್ಷಿ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಪ್ಪಿದರು. ವಿಡಿಯೊ ತೆಗೆದದ್ದು ರಷ್ಯದಲ್ಲಿ. ಇಂಟರ್‌ನೆಟ್ ಕೈಯಲ್ಲೇ ಇತ್ತು, ಹುಡುಕಿದ್ದರೆ ಸಿಗುತ್ತಿತ್ತು. ಹುಡುಕಿ ಮೂಲ ಕಂಡುಹಿಡಿದವರು ಮೂವರೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನೀವು ಹೀಗೆ ಮಾಡಿ. ಎದೆ ಝಲ್ಲೆನಿಸುವ ಸುದ್ದಿ ಬಂದಾಗ ಆ ಪುಟದಲ್ಲೇ ಮುಳುಗಬೇಡಿ. ಅದನ್ನು ಬಿಟ್ಟು ಇನ್ನೊಂದು ಕಿಟಕಿ ತೆರೆಯಿರಿ, ಹೇಳಿದವನು ಯಾರು, ಅವನ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ನೋಡಿ. ಸುದ್ದಿಯ ಸತ್ಯ ಶೋಧಿಸುವ ವೃತ್ತಿಯವರು ಮಾಡುವುದು ಇದನ್ನೇ. ಇದೇ ಸ್ಟ್ಯಾನ್‌ಫರ್ಡಿನ ಇನ್ನೊಂದು ಅಧ್ಯಯನದಲ್ಲಿ ಅವರು ಚರಿತ್ರೆಯ ಪ್ರಾಧ್ಯಾಪಕರಿಗಿಂತಲೂ ಬೇಗ ಸುಳ್ಳನ್ನು ಹಿಡಿದರು. ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ ಎಂದು ಸಹಪಾಠಿಯೊಬ್ಬ ವಾದಿಸಿದರೆ ಜಗಳ ಬೇಡ. ಅಪೊಲೊ 11 ಇಳಿದ ಜಾಗವನ್ನು ನಮ್ಮ ಚಂದ್ರಯಾನ-2ರ ಕ್ಯಾಮೆರಾ ಸೆರೆಹಿಡಿದ ಚಿತ್ರವನ್ನು ತೋರಿಸಿ. ಆ ನೌಕೆಯನ್ನು ನಡೆಸುತ್ತಿರುವುದು ಬೆಂಗಳೂರಿನಿಂದ, ನಾಸಾದ ಮಾತನ್ನು ಕಾಯಬೇಕಾದ ಹಂಗು ಅವರಿಗಿಲ್ಲ.

ಮತ್ತೆ, ಸುಮ್ಮನೆ ಫಾರ್ವರ್ಡ್ ಮಾಡಿದೆ ಎನ್ನಬೇಡಿ. 2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನೂ 6 ಮಂದಿ ಹಿರಿಯರನ್ನೂ ಗುಂಡಿಟ್ಟು ಕೊಂದಾಗ, ಇದೆಲ್ಲ ನಾಟಕ ಎಂಬ ಕಥೆ ಹಬ್ಬಿತು. ಮಕ್ಕಳನ್ನು ಮಣ್ಣು ಮಾಡಿ ಬಂದ ತಂದೆತಾಯಿಗೆ ಅಪರಿಚಿತರು ಕರೆ ಮಾಡಿ ಬಯ್ದರು, ಬೆದರಿಸಿದರು. ಆ ಕಥೆ ಹರಡಿದ ಅಲೆಕ್ಸ್ ಜೋನ್ಸ್‌ಗೆ 2022ರಲ್ಲಿ ಜ್ಯೂರಿ ಭಾರಿ ನಷ್ಟಪರಿಹಾರ ಕೊಡುವಂತೆ ಹೇಳಿತು. ಫಾರ್ವರ್ಡ್ ಮಾಡಿದ ಸಾವಿರಾರು ಜನರ ಹೆಸರು ಯಾವ ತೀರ್ಪಿನಲ್ಲೂ ಬರಲಿಲ್ಲ.

ನಿಮ್ಮ ಮನೆಯ ಚರಿತ್ರೆಯಿಂದಲೇ ಆರಂಭಿಸಿ. ನಿಮ್ಮವರು ಆ ದೇಶಕ್ಕೆ ಹೇಗೆ ಬಂದರು? 1923ರಲ್ಲಿ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತ್ತು. ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ, ಕಪ್ಪು ಜನರ ನಾಗರಿಕ ಹಕ್ಕಿನ ಹೋರಾಟ ದೇಶದ ಮನಸ್ಸನ್ನು ಕಲಕಿದ್ದ ಹೊತ್ತಿನಲ್ಲಿ. ಇವತ್ತು ಊರೂರಿನಲ್ಲಿ ಕನ್ನಡ ಕೂಟಗಳಿರುವುದರ ಹಿಂದೆ ಆ ಕಾಯ್ದೆಯಿದೆ. ಇದನ್ನು ನಿಮ್ಮ ಕೂಟದ ಭಾನುವಾರದ ಕನ್ನಡ ತರಗತಿಯಲ್ಲಿ ಒಮ್ಮೆ ಓದಿ ಹೇಳಿ.

ಇನ್ನೊಂದು ಕೆಲಸವಿದೆ, ನಮ್ಮವರು ಅದನ್ನು ಮಾಡುವುದು ಕಡಿಮೆ. ಸ್ಕೂಲ್ ಬೋರ್ಡಿನ ಸಭೆಗಳು ಅಲ್ಲಿ ಎಲ್ಲರಿಗೂ ತೆರೆದಿರುತ್ತವೆ, ಊರಿನವರಿಗೆ ಮಾತಾಡಲು ಹೊತ್ತು ಕೊಡುತ್ತಾರೆ. ಹೋಗಿ ಕೂರಿ. ನಮ್ಮ ಶಾಲೆಯಲ್ಲಿ ವಾರಕ್ಕೆ ಎಷ್ಟು ಹೊತ್ತು ಚರಿತ್ರೆ ಕಲಿಸುತ್ತೀರಿ, ಮೂಲ ದಾಖಲೆಗಳನ್ನು ಮಕ್ಕಳ ಕೈಗೆ ಕೊಡುತ್ತೀರಾ ಎಂದು ಎದ್ದು ನಿಂತು ಕೇಳಿ. ಹದಿನೆಂಟು ತುಂಬಿ ಪೌರತ್ವವಿರುವವರು ಆ ಬೋರ್ಡಿನ ಚುನಾವಣೆಗೆ ತಪ್ಪದೆ ಮತ ಹಾಕಿ. ಅಲ್ಲಿ ಮತ ಹಾಕುವವರು ಕಡಿಮೆ, ನಿಮ್ಮ ನಾಲ್ಕು ಮನೆಗಳ ಮತವೂ ಲೆಕ್ಕಕ್ಕೆ ಬರುತ್ತದೆ.