ಬೆಣ್ಣೆಹಣ್ಣಿನ ಎಣ್ಣೆ: ಬಳಕೆಗೊಂದು ಕಿವಿಮಾತು

ಬೆಣ್ಣೆಹಣ್ಣಿನ ಎಣ್ಣೆ, ಅಂದರೆ ಅವಕಾಡೊ ಎಣ್ಣೆಯನ್ನು ತೆಗೆಯುವುದು ಬೀಜದಿಂದಲ್ಲ, ತಿರುಳಿನಿಂದ. ಇದರಲ್ಲಿ ಎರಡು ಬಗೆ. ‘ಎಕ್ಸ್‌ಟ್ರಾ ವರ್ಜಿನ್’ ಎಣ್ಣೆಗೆ ಹಸಿರು ಬಣ್ಣ, ಹಣ್ಣಿನದೇ ಘಮ. ಕೋಸಂಬರಿ, ಚಟ್ನಿಪುಡಿಗೆ ಹಸಿಯಾಗಿ ಹಾಕಿಕೊಳ್ಳಲು ಚೆನ್ನ. ರಿಫೈನ್ಡ್ ಎಣ್ಣೆ ತಿಳಿ ಹಳದಿ. ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೂ ಹೊಗೆಯಾಡದ ಕಾರಣ ಒಗ್ಗರಣೆಗೆ, ಹುರಿಯುವುದಕ್ಕೆ ಸಲ್ಲುತ್ತದೆ. ಹಾಗೆಂದು ಬಾಣಲೆಯನ್ನು ಅಷ್ಟು ಕಾಯಿಸಬೇಕಿಲ್ಲ. ಹಾಕಿದ ಸಾಸಿವೆ ಕಾಳು ಚಟಪಟ ಸಿಡಿದರೆ ಕಾವು ಸಾಕು.

ಇದರ ಕೊಬ್ಬಿನಲ್ಲಿ ಹೆಚ್ಚಿನ ಪಾಲು, ಆಲಿವ್ ಎಣ್ಣೆಯಲ್ಲಿರುವಂತೆ, ಓಲಿಯಿಕ್ ಆಮ್ಲ. ಆದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ; ಅಳತೆ ಮೀರಬಾರದು. ಬೆಲೆಯೂ ದುಬಾರಿಯಾದ್ದರಿಂದ ಹಪ್ಪಳ, ಬಜ್ಜಿ ಕರಿಯಲು ಕಡಲೆಕಾಯಿ ಎಣ್ಣೆಯೇ ಸಾಕು.

ಕೊಳ್ಳುವಾಗ ಎಚ್ಚರ ಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ತಜ್ಞರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಮಾದರಿಗಳ ಪೈಕಿ ಹೆಚ್ಚಿನವು ಅವಧಿಗೆ ಮೊದಲೇ ಕೆಟ್ಟಿದ್ದವು, ಇಲ್ಲವೇ ಬೇರೆ ಎಣ್ಣೆ ಬೆರೆಸಿದವಾಗಿದ್ದವು. ತಯಾರಿಕೆಯ ದಿನಾಂಕ ನೋಡಿ, ಗಾಢ ಬಣ್ಣದ ಗಾಜಿನ ಸಣ್ಣ ಬಾಟಲಿಯನ್ನೇ ಕೊಳ್ಳುವುದು ಲೇಸು. ಮುಚ್ಚಳ ಬಿಗಿದು, ಒಲೆಯಿಂದ ದೂರ, ಬೆಳಕು ಬೀಳದ ಕಡೆ ಇಡಬೇಕು. ಕಮಟು ವಾಸನೆ ಹೊಡೆದರೆ ಅಡುಗೆಗೆ ಬಳಸಬಾರದು.