ಡೆಂಟು ಕಂಡರೆ ಚೌಕಾಸಿ ಮಾಡಿ, ಹೊಸ ಪೇಂಟು ಕಂಡರೆ ಅನುಮಾನಿಸಿ

ಹೈದರಾಬಾದಿನ ಕೊಂಡಾಪುರ, ಗಚ್ಚಿಬೌಲಿ ಕಡೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿದರೆ ಕವರ್ ಹೊದ್ದು ದೂಳು ತಿನ್ನುತ್ತಿರುವ ಸ್ಪೋರ್ಟ್ಸ್ ಕಾರು ಒಂದಾದರೂ ಕಾಣುತ್ತದೆ. ವಿದೇಶಕ್ಕೆ ಹೊರಟ ಮಾಲೀಕನಿಗೆ ಮಾರುವ ಅವಸರ. ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿರುವ ನಮ್ಮ ಕಲಬುರಗಿ, ರಾಯಚೂರು ಹುಡುಗರ ಕಣ್ಣು ಬೀಳುವುದೂ ಇಂಥ ಕಾರಿನ ಮೇಲೆಯೇ. ‘ಎರಡು ಡೆಂಟು ಅಷ್ಟೇ ಸಾರ್, ಟಚಪ್ ಮಾಡಿಸಿಯೇ ಕೊಡ್ತೀವಿ’ ಎನ್ನುತ್ತಾನೆ ಬ್ರೋಕರ್. ಬೇಡ ಅನ್ನಿ. ಕಣ್ಣಿಗೆ ಕಾಣುವ ಡೆಂಟಿಗೆ ಬೆಲೆ ಕಟ್ಟಬಹುದು, ಪುಟ್ಟಿ ಮೆತ್ತಿ ಮುಚ್ಚಿದ್ದಕ್ಕೆ ಆಗುವುದಿಲ್ಲ.

ಕಾರನ್ನು ಹಗಲಲ್ಲೇ ನೋಡಿ, ಬೇಸ್‌ಮೆಂಟಿನಿಂದ ಹೊರಗೆ ತರಿಸಿ. ಹಿಂದಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಾಗಿಲುಗಳ ಉದ್ದಕ್ಕೂ ದೃಷ್ಟಿ ಹಾಯಿಸಿ. ಪ್ರತಿಬಿಂಬ ಎಲ್ಲಿ ಅಲೆಯಾಗುತ್ತದೋ ಅಲ್ಲಿ ಕೆಲಸ ನಡೆದಿದೆ. ಬಾನೆಟ್ ಎತ್ತಿ ಫೆಂಡರಿನ ಬೋಲ್ಟು ನೋಡಿ; ತಲೆಯ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದೇ ಅರ್ಥ. ಬಾಗಿಲ ರಬ್ಬರ್ ಬೀಡಿಂಗ್ ಸ್ವಲ್ಪ ಮಡಚಿದರೆ ಸ್ಪ್ರೇ ಹಾರಿದ ಗುರುತು ಸಿಗುತ್ತದೆ.

ಆಯಸ್ಕಾಂತದ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಅದೂ ಮೋಸ ಮಾಡುತ್ತದೆ. ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದು ಹೋದ ಗೆಳೆಯನೊಬ್ಬ ಫೋರ್ಡ್ ಮಸ್ಟ್ಯಾಂಗ್ ನೋಡಿ, ‘ಬಾನೆಟ್ಟಿಗೆ ಅಂಟಲೇ ಇಲ್ಲ, ಪೂರಾ ಪುಟ್ಟಿ’ ಎಂದು ವಾಪಸ್ ಬಂದಿದ್ದ. 2016ರಿಂದ ಭಾರತದಲ್ಲಿ ಮಾರಾಟವಾದ ಆ ಮಸ್ಟ್ಯಾಂಗಿನ ಬಾನೆಟ್ಟು, ಮುಂದಿನ ಫೆಂಡರುಗಳು ಅಲ್ಯೂಮಿನಿಯಂ! ಅದಕ್ಕೇ ಪೇಂಟಿನ ದಪ್ಪ ಅಳೆಯುವ, ಅಲ್ಯೂಮಿನಿಯಂ ಮೇಲೂ ಕೆಲಸ ಮಾಡುವ ಮೀಟರ್ ಇರುವ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ. ಕಂಪನಿ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 200 ದಾಟಿದರೆ ಮರುಪೇಂಟು, 500ರ ಮೇಲೆ ಹೋದರೆ ಒಳಗೆ ಪುಟ್ಟಿ.

ಬಂಪರ್, ಬಾಗಿಲು ಬದಲಾಗಿದ್ದರೆ ಚಿಂತೆಯಿಲ್ಲ. ಏಪ್ರನ್, ಚಾಸಿ, ಪಿಲ್ಲರಿನಲ್ಲಿ ಹೊಸ ವೆಲ್ಡಿಂಗ್ ಕಂಡರೆ ಎಷ್ಟೇ ಅಗ್ಗವಾದರೂ ಬಿಡಿ. ನೆಲಕ್ಕೆ ಹತ್ತಿರ ಓಡುವ ಗಾಡಿ, ನಮ್ಮ ಸ್ಪೀಡ್ ಬ್ರೇಕರುಗಳೋ ದೇವರಿಗೇ ಪ್ರೀತಿ. ಲಿಫ್ಟಿಗೆ ಏರಿಸಿ ಎಂಜಿನ್ನಿನ ಆಯಿಲ್ ಸಂಪ್ ಉಜ್ಜಿದೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕೆಸರಿನ ಕಲೆಯಿದ್ದರೆ ಕಾರು ನೀರಲ್ಲಿ ನಿಂತಿತ್ತು. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದು ಕಂಡ ನೀರು ನೆನಪಿರಲಿ.

ಆಮೇಲೆ ಇನ್ಶೂರೆನ್ಸ್ ಪಾಲಿಸಿ ಕೇಳಿ. ಅದರ ‘ನೋ ಕ್ಲೇಮ್ ಬೋನಸ್’ ಸಾಲು ಬ್ರೋಕರ್‌ಗಿಂತ ನಿಜ ಹೇಳುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವನಿಗೆ ಶೇ 50 ಇರುತ್ತದೆ. ಅಷ್ಟೇ ಕಾಲ ಓಡಿಸಿದವನ ಪಾಲಿಸಿಯಲ್ಲಿ ಸೊನ್ನೆಯಿದ್ದರೆ ಏನಾಗಿತ್ತು ಎಂದು ಮುಖ ನೋಡಿ ಕೇಳಿ.

ಕಾಗದಪತ್ರಕ್ಕೆ ಕೊಂಡಾಪುರದಲ್ಲೇ ಆರ್‌ಟಿಎ ಕಚೇರಿಯಿದೆ; ಆದರೆ ಕಾರು ಎಲ್ಲಿ ನೋಂದಣಿಯಾಗಿದೆ ಎಂದು ಆರ್‌ಸಿಯಲ್ಲಿ ನೋಡಿಕೊಳ್ಳಿ. ಮಾಲೀಕತ್ವ ಬದಲಿಗೆ ಫಾರಂ 29, 30. ಸಾಲವಿದ್ದರೆ ಬ್ಯಾಂಕಿನ ಪತ್ರದೊಂದಿಗೆ 35. ಬಾಕಿ ಚಲನ್ ಮಾರುವವನೇ ಕಟ್ಟಲಿ. ಕಾರನ್ನು ಊರಿಗೆ ತರುವುದಾದರೆ ಫಾರಂ 28ರ ಎನ್‌ಒಸಿಯೂ ಬೇಕು.

ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರು ಮುಗ್ಗರಿಸುವುದು ಇಲ್ಲಿಯೇ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದೆ ನಿಜ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯನ್ನಲ್ಲ, ಹೊಸದಿದ್ದಾಗಿನ ಬೆಲೆಯನ್ನು. 2025ರ ಜುಲೈನಲ್ಲಿ ಬೆಂಗಳೂರಲ್ಲಿ ಸಿಕ್ಕ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರ ಮಾಲೀಕರು ಸುಮಾರು 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು. ಹಾಗಾಗಿ ಡೆಂಟಿನ ಖರ್ಚಿಗಿಂತ ಮೊದಲು ಈ ತೆರಿಗೆಯನ್ನು ಆರ್‌ಟಿಒದಲ್ಲಿ ಕೇಳಿ ತಿಳಿದು, ಆಮೇಲೆ ಚೌಕಾಸಿಗೆ ಕೂರಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.